ಪಂಢರಪುರಕ್ಕೆ ಒಬ್ಬರೇ ನಡೆದು ಹೋಗುವವರಿಗೆ: ಗದ್ದಲ ಕಡಿಮೆ ಇರುವ ದಾರಿ ಹುಡುಕುವುದು ಹೇಗೆ

ನಾನು ದಕ್ಷಿಣ ಸೊಲ್ಲಾಪುರ ತಾಲೂಕಿನವಳು. ಮನೆಯಲ್ಲಿ ಕನ್ನಡ, ಸಂತೆ-ಕಚೇರಿಯಲ್ಲಿ ಮರಾಠಿ. ಆಷಾಢದ ವಾರಿಗೆ, ಅಂದರೆ ಪಂಢರಪುರದ ವಿಠ್ಠಲನಿಗೆ ನಡೆದು ಹೋಗುವ ಯಾತ್ರೆಗೆ, ದಿಂಡಿಯ (ಹಾಡುತ್ತಾ ನಡೆಯುವ ಭಕ್ತರ ತಂಡದ) ಜೊತೆ ಎರಡು ಸಲ ಹೋಗಿದ್ದೇನೆ. ತಾಳ, ಮೃದಂಗ, ಸಾವಿರಾರು ಜನ ಒಂದೇ ದನಿಯಲ್ಲಿ ಹಾಡುತ್ತಾ ನಡೆಯುವುದು, ಅದರ ಸುಖ ನಿಜಕ್ಕೂ ದೊಡ್ಡದು. ಆದರೆ ನನಗೆ ಒಂದು ಮೊಣಕಾಲು ನೋವಿದೆ, ಗುಂಪಿನ ನಡಿಗೆಗೆ ಹೊಂದಿಕೊಳ್ಳಲು ಆಗುವುದಿಲ್ಲ. ಜೊತೆಗೆ ನನಗೆ ಸುಮ್ಮನೆ ನಡೆಯಬೇಕು ಅನ್ನಿಸುತ್ತದೆ, ಯಾರ ಜೊತೆಗೂ ಮಾತಿಲ್ಲದೆ. ಹಾಗಾಗಿ ಈಗ ಮೂರು ವರ್ಷದಿಂದ ಮಾಘ ಮಾಸದಲ್ಲಿ ಒಬ್ಬಳೇ ಹೋಗಿ ಬರುತ್ತಿದ್ದೇನೆ. ದಾರಿ ಹೇಗೆ ಆರಿಸಿದೆ ಅಂತ ತುಂಬಾ ಜನ ಕೇಳಿದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಮೊದಲ ವರ್ಷ ಮೊಬೈಲಿನ ನಕ್ಷೆ ತೆರೆದು, ಊರುಗಳೇ ಇಲ್ಲದ ಒಂದು ಗೆರೆ ಹುಡುಕಿದೆ. ಕಾಲುವೆ ಬದಿಯ ದಾರಿ. ಶಾಂತವಾಗಿರುತ್ತದೆ ಅಂದುಕೊಂಡೆ, ಶಾಂತವಾಗಿಯೇ ಇತ್ತು. ಹತ್ತು ಹನ್ನೊಂದು ಕಿಲೋಮೀಟರ್ ಒಬ್ಬ ಮನುಷ್ಯನೂ ಸಿಗಲಿಲ್ಲ. ಹನ್ನೊಂದು ಗಂಟೆಗೆ ನೀರು ಮುಗಿಯಿತು. ಪಕ್ಕದಲ್ಲೇ ಕಾಲುವೆ, ಆದರೆ ಇಳಿಜಾರು ಎಷ್ಟು ಕಡಿದಾಗಿದೆ ಅಂದರೆ ಇಳಿದರೆ ಹತ್ತುವುದು ಕಷ್ಟ. ಒಂದು ಕಡೆ ಕಾಲು ಉಳುಕಿ ಕೂತುಬಿಟ್ಟೆ. ಕೊನೆಗೆ ಕಬ್ಬು ಕಡಿಯುವ ಒಂದು ಟೋಳಿ ಸಿಕ್ಕಿತು. ಬೀಡ್ ಕಡೆಯಿಂದ ಬಂದವರು. ನೀರು ಕೊಟ್ಟು, ಭಾಕ್ರಿ ಕೊಟ್ಟು, ಟ್ರ್ಯಾಕ್ಟರಿನಲ್ಲಿ ಕೂರಿಸಿ ಡಾಂಬರು ರಸ್ತೆಗೆ ಬಿಟ್ಟರು. ಅವರಲ್ಲಿ ನೀರು ಕೊಟ್ಟ ತಾಯಿಯ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಅವತ್ತು ತಿಳಿದದ್ದು ಇಷ್ಟು. ಒಬ್ಬರೇ ಹೋಗುವವರು ಹುಡುಕಬೇಕಾದದ್ದು ಜನ ಇಲ್ಲದ ದಾರಿಯಲ್ಲ. ವಾಹನ ಕಡಿಮೆ, ಗಲಾಟೆ ಕಡಿಮೆ, ಆದರೆ ನಾಲ್ಕೈದು ಕಿಲೋಮೀಟರಿಗೆ ಒಂದು ಊರು ಸಿಗಬೇಕು. ಆ ಊರಿನವರಿಗೆ ನಡೆದು ಹೋಗುವವರನ್ನು ನೋಡಿ ರೂಢಿ ಇರಬೇಕು. ಈ ಎರಡನೆಯದು ತುಂಬಾ ಮುಖ್ಯ. ರೂಢಿ ಇದ್ದ ಊರಿನಲ್ಲಿ ಯಾರೂ ನಿಮ್ಮನ್ನು ಅನುಮಾನದಿಂದ ನೋಡುವುದಿಲ್ಲ, ನೀರು ಕೇಳುವ ಮೊದಲೇ ತಂಬಿಗೆ ಹಿಡಿದು ಬರುತ್ತಾರೆ.

ದಾರಿಗಿಂತ ಮೊದಲು ದಿನ ಆರಿಸಿ. ಪಂಢರಪುರಕ್ಕೆ ವರ್ಷಕ್ಕೆ ನಾಲ್ಕು ದೊಡ್ಡ ವಾರಿ: ಆಷಾಢ, ಕಾರ್ತಿಕ, ಮಾಘ, ಚೈತ್ರ. ಆಷಾಢಕ್ಕೆ ಆಳಂದಿಯಿಂದ ಜ್ಞಾನೇಶ್ವರರ ಪಲ್ಲಕ್ಕಿ, ದೇಹುವಿನಿಂದ ತುಕಾರಾಮರ ಪಲ್ಲಕ್ಕಿ, ಜೊತೆಗೆ ಇನ್ನೆಷ್ಟೋ ಪಲ್ಲಕ್ಕಿಗಳು ಬರುತ್ತವೆ, ಲಕ್ಷಗಟ್ಟಲೆ ಜನ. ಆಗ ಯಾವ ದಾರಿ ಹಿಡಿದರೂ ಕೊನೆಗೆ ಗದ್ದಲಕ್ಕೇ ಬಂದು ಸೇರುತ್ತೀರಿ. ಕಾರ್ತಿಕದಲ್ಲೂ ಜನ ಜಾಸ್ತಿ, ನಮ್ಮ ಕರ್ನಾಟಕದ ಕಡೆಯ ದಿಂಡಿಗಳೂ ಬರುತ್ತವೆ. ಚೈತ್ರದಲ್ಲಿ ಜನ ಅಷ್ಟಿರದಿದ್ದರೂ ಸೊಲ್ಲಾಪುರದ ಬಿಸಿಲು ನಿಮಗೆ ಗೊತ್ತಲ್ವಾ, 40 ಡಿಗ್ರಿ ಮುಟ್ಟುವ ಹೊತ್ತು. ಒಬ್ಬರೇ ಇದ್ದಾಗ ಆ ಬಿಸಿಲಿನ ಜೊತೆ ಹಟ ಬೇಡ. ಉಳಿದದ್ದು ಮಾಘ, ಅಂದರೆ ಜನವರಿ-ಫೆಬ್ರವರಿ. ಬೆಳಗ್ಗೆ ತಂಪು, ಹೊಲದಲ್ಲಿ ಜೋಳ ನಿಂತಿರುತ್ತದೆ, ದಾರಿಯಲ್ಲಿ ಯಾರಾದರೂ ಕರೆದು ಸೀತನಿ (ಜೋಳದ ಎಳೆ ತೆನೆ) ಸುಟ್ಟು ಕೊಡುತ್ತಾರೆ.

ಇದರಲ್ಲೂ ಇನ್ನೊಂದು ಉಪಾಯ ಇದೆ. ಏಕಾದಶಿಯ ದಿನವೇ ಮುಟ್ಟಬೇಕು ಅನ್ನುವ ಹಟ ಬಿಡಿ. ಏಕಾದಶಿ ಕಳೆದು ನಾಲ್ಕೈದು ದಿನಕ್ಕೆ ಮುಟ್ಟುವ ಹಾಗೆ ಹೊರಟರೆ ಎಲ್ಲರೂ ವಾಪಸ್ ಹೋಗುತ್ತಿರುತ್ತಾರೆ, ನೀವು ಎದುರಿನಿಂದ ಬರುತ್ತಿರುತ್ತೀರಿ. ಪ್ರತಿ ತಿಂಗಳ ಶುದ್ಧ ಏಕಾದಶಿಗೆ ತಪ್ಪದೆ ಬರುವವರೂ ಇದ್ದಾರೆ, ಹಾಗಾಗಿ ಉಳಿದ ತಿಂಗಳಿಗೂ ಇದೇ ಲೆಕ್ಕ. ದಾರಿಯ ಊರುಗಳ ಜಾತ್ರೆಯ ದಿನವನ್ನೂ ಕೇಳಿಕೊಳ್ಳಿ. ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರನ ಗಡ್ಡಾ ಯಾತ್ರೆ, ದೀಪಾವಳಿ ಅಮಾವಾಸ್ಯೆಗೆ ಹುಲಜಂತಿಯಲ್ಲಿ ಮಹಾಲಿಂಗರಾಯನ ಜಾತ್ರೆ. ಆ ದಿನಗಳಲ್ಲಿ ಸುತ್ತಲಿನ ರಸ್ತೆಗಳೆಲ್ಲ ತುಂಬಿರುತ್ತವೆ, ಮಲಗಲು ಜಾಗ ಸಿಗುವುದಿಲ್ಲ.

ಪಂಢರಪುರ ಬಿಟ್ಟು ಬೇರೆ ಕ್ಷೇತ್ರ ಆಗಬಹುದಾ ಅಂತ ಕೇಳುವವರಿಗೆ ಎರಡು ಮಾತು. ಸೊಲ್ಲಾಪುರದಿಂದ ತುಳಜಾಪುರ ಸುಮಾರು 45 ಕಿಲೋಮೀಟರ್. ಕೋಜಾಗಿರಿ (ಶೀಗಿ) ಹುಣ್ಣಿಮೆಗೆ ನಮ್ಮ ಕಡೆಯವರು, ಕಲಬುರಗಿ-ವಿಜಯಪುರದವರು ಎಲ್ಲ ತುಳಜಾಪುರದ ಅಂಬಾಬಾಯಿಗೆ ನಡೆದು ಹೋಗುತ್ತಾರೆ, ರಸ್ತೆಯಲ್ಲಿ ವಾಹನವನ್ನೇ ಬೇರೆ ಕಡೆ ತಿರುಗಿಸಿರುತ್ತಾರೆ. ಮೊದಲ ಸಲ ಒಬ್ಬರೇ ನಡೆಯುವವರಿಗೆ ಅದು ಒಳ್ಳೆಯದೇ, ಆದರೆ ಶಾಂತಿ ಹುಡುಕುವವರಿಗಲ್ಲ. ಅಕ್ಕಲಕೋಟೆಯಿಂದ ಗಾಣಗಾಪುರಕ್ಕೆ ಹೋಗುವುದು ನನಗೆ ಇಷ್ಟ. ಹಳ್ಳಿಗಳೆಲ್ಲ ಕನ್ನಡದವೇ, ಮಾತಿಗೆ ತೊಂದರೆ ಇಲ್ಲ. ಗುರುವಾರ, ಹುಣ್ಣಿಮೆ, ದತ್ತ ಜಯಂತಿ ಮೂರನ್ನೂ ತಪ್ಪಿಸಿದರೆ ಸಾಕು.

ಶ್ರೀಶೈಲದ ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಯುಗಾದಿಗೆ ಹೆಗಲ ಮೇಲೆ ದೇವರ ಕಂಬಿ ಹೊತ್ತು ಅಲ್ಲಿನ ಮಲ್ಲಯ್ಯನಿಗೆ ನಡೆದು ಹೋಗುವವರು ನಮ್ಮ ಮನೆಗಳಲ್ಲೂ ಇದ್ದಾರೆ. ಆತ್ಮಕೂರು ದಾಟಿ ವೆಂಕಟಾಪುರದಿಂದ ನಲ್ಲಮಲ ಕಾಡು ಹೊಕ್ಕರೆ ನಾಗಲೂಟಿ, ಪೆಚ್ಚೆರುವು, ಭೀಮನ ಕೊಳ್ಳ, ಆಮೇಲೆ ಕೈಲಾಸ ದ್ವಾರ. ಹಬ್ಬದ ಆ ಕೆಲವು ದಿನ ದಾನಿಗಳ ಅನ್ನಛತ್ರ, ನೀರಿನ ಟೆಂಟು, ಔಷಧದ ಶಿಬಿರ ಎಲ್ಲ ಇರುತ್ತವೆ. ಕೆಲವರು ನನ್ನನ್ನು ಕೇಳಿದ್ದಾರೆ, ಹಬ್ಬದ ಗದ್ದಲ ಬಿಟ್ಟು ಬೇರೆ ದಿನ ಹೋದರೆ ಶಾಂತವಾಗಿರುತ್ತಲ್ವಾ ಅಂತ. ದಯವಿಟ್ಟು ಬೇಡ. ಅದು ನಾಗಾರ್ಜುನಸಾಗರ-ಶ್ರೀಶೈಲಂ ಹುಲಿ ಸಂರಕ್ಷಿತ ಕಾಡು. ಕಾಲುದಾರಿಯಲ್ಲಿ ಬಿಡುವುದು ಶಿವರಾತ್ರಿ, ಯುಗಾದಿಯಂಥ ಹೊತ್ತಿನಲ್ಲಿ ಮಾತ್ರ. ನೀರಿಲ್ಲ, ಊರಿಲ್ಲ, ಬಿಸಿಲು ಉರಿಯುತ್ತಿರುತ್ತದೆ. ಶ್ರೀಶೈಲಕ್ಕೆ ಹೋಗುವುದಾದರೆ ಒಂದು ಕಂಬಿಯ ತಂಡ ಸೇರಿಕೊಂಡೇ ಹೋಗಿ. ಗುಂಪಿನ ಹಿಂದೆ ಸ್ವಲ್ಪ ದೂರ ಇಟ್ಟುಕೊಂಡು ನಡೆದರೆ ಆಯಿತು, ಮೌನವೂ ಸಿಗುತ್ತದೆ, ಕಣ್ಣಳತೆಯಲ್ಲಿ ಜನರೂ ಇರುತ್ತಾರೆ.

ಈಗ ಪಂಢರಪುರದ ದಾರಿ. ಸೊಲ್ಲಾಪುರದಿಂದ ಹೋಗುವವರು ಸಾಮಾನ್ಯವಾಗಿ ಎರಡು ರಸ್ತೆ ನೋಡುತ್ತಾರೆ. ಒಂದು ಮೋಹೋಳ ಮೇಲೆ, ಒಟ್ಟು 70 ಕಿಲೋಮೀಟರಿನ ಆಸುಪಾಸು. ಅದರ ಅರ್ಧ ಪುಣೆ ಹೆದ್ದಾರಿ, ಹಗಲು-ರಾತ್ರಿ ಲಾರಿ. ಇನ್ನೊಂದು ಮಂಗಳವೇಢೆ ಮೇಲೆ, ಮಂಗಳವೇಢೆಗೆ ಸುಮಾರು 55, ಅಲ್ಲಿಂದ ಪಂಢರಪುರಕ್ಕೆ ಸುಮಾರು 25. ಇದರಲ್ಲಿ ಮಂಗಳವೇಢೆವರೆಗಿನದು ಈಗ ನಾಲ್ಕು ಪಥದ ರಾಷ್ಟ್ರೀಯ ಹೆದ್ದಾರಿ 166, ಸೀದಾ ಸಾಂಗ್ಲಿ, ಕೊಲ್ಹಾಪುರದ ಕಡೆ ಹೋಗುತ್ತದೆ. ರಸ್ತೆ ಅಗಲ ಆದಮೇಲೆ ನೆರಳು ಹೋಯಿತು. ಆದರೂ ನಾನು ಮಂಗಳವೇಢೆಯ ದಿಕ್ಕನ್ನೇ ಆರಿಸಿದೆ. ಕಾರಣ ಇದೆ. ಶೇಗಾವದ ಗಜಾನನ ಮಹಾರಾಜರ ಪಲ್ಲಕ್ಕಿ ಆಷಾಢಕ್ಕೆ ಸೊಲ್ಲಾಪುರ ದಾಟಿ ತಿರ್ಹೆ, ಕಾಮತಿ, ಮಾಚನೂರು, ಮಂಗಳವೇಢೆ ಮೇಲೆಯೇ ಪಂಢರಪುರಕ್ಕೆ ಹೋಗುತ್ತದೆ. ಅಂದರೆ ಈ ಊರುಗಳಿಗೆ ವಾರಕರಿಗಳನ್ನು (ವಾರಿಗೆ ನಡೆಯುವವರನ್ನು) ಉಪಚರಿಸಿ ಗೊತ್ತು. ಮಾಘದಲ್ಲಿ ಪಲ್ಲಕ್ಕಿ ಇಲ್ಲ, ಗದ್ದಲ ಇಲ್ಲ, ಆದರೆ ಆ ರೂಢಿ ಹಾಗೇ ಇರುತ್ತದೆ. ನೀವು ಬೇರೆ ಊರಿನವರಾದರೂ ಇದೇ ಲೆಕ್ಕ ಹಾಕಿ. ನಿಮ್ಮ ಕ್ಷೇತ್ರಕ್ಕೆ ದೊಡ್ಡ ಪಲ್ಲಕ್ಕಿ ಅಥವಾ ಪಾದಯಾತ್ರೆ ಹೋಗುವ ದಾರಿ ಯಾವುದು ಅಂತ ಕೇಳಿ, ಅದೇ ದಾರಿಯನ್ನು ಬೇರೆ ತಿಂಗಳಲ್ಲಿ ಹಿಡಿಯಿರಿ.

ಹೆದ್ದಾರಿ ತಪ್ಪಿಸುವುದು ಹೇಗೆ? ನಕ್ಷೆಯಲ್ಲಿ ಮಂದ್ರೂಪದಿಂದ ಕಾಮತಿಗೆ ಒಂದು ಸಣ್ಣ ರಸ್ತೆ ಕಾಣುತ್ತದೆ, ಇದೇ ಒಳದಾರಿ ಅಂದುಕೊಂಡಿದ್ದೆ. ಅಲ್ಲ. ವಿಜಯಪುರ ಕಡೆಯಿಂದ ಪುಣೆ ಕಡೆ ಹೋಗುವ ದೊಡ್ಡ ವಾಹನಗಳು ಸೊಲ್ಲಾಪುರ ನಗರ ತಪ್ಪಿಸಲು ಮಂದ್ರೂಪ, ಕಾಮತಿ, ಕುರುಲ್, ಮೋಹೋಳ ಅಂತ ಇದನ್ನೇ ಹಿಡಿಯುತ್ತವೆ. ಇದು ಗೊತ್ತಾಗಿದ್ದು ಎಸ್‌ಟಿ (ಮಹಾರಾಷ್ಟ್ರದ ಸರಕಾರಿ) ಬಸ್ಸಿನಲ್ಲಿ ಕೂತು ಹೋದಾಗ. ಹಾಗಾಗಿ ನಡೆಯುವ ಹದಿನೈದು ದಿನ ಮೊದಲು ಒಂದು ದಿನ ರಜೆ ಹಾಕಿ, ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗಿ ಬನ್ನಿ. ಕಿಟಕಿ ಪಕ್ಕ ಕೂತು, ಎಲ್ಲಿ ಬೋರಿಂಗ್ ಇದೆ, ಎಲ್ಲಿ ಚಹಾದಂಗಡಿ, ಯಾವ ಊರಿನ ಗುಡಿಗೆ ಮುಂದೆ ಪಡಸಾಲೆ ಇದೆ, ಎಲ್ಲಿಂದ ಎಲ್ಲಿವರೆಗೆ ಒಂದು ಮರವೂ ಇಲ್ಲ ಅನ್ನುವುದನ್ನು ಬರೆದುಕೊಳ್ಳಿ. ಮಹಾರಾಷ್ಟ್ರದ ಎಸ್‌ಟಿಯಲ್ಲಿ 2023ರಿಂದ ಹೆಂಗಸರಿಗೆ ಅರ್ಧ ಟಿಕೆಟ್, ಖರ್ಚೂ ಹೆಚ್ಚಿಲ್ಲ. ಕಂಡಕ್ಟರ್ ಅಣ್ಣನಿಗೆ ಒಂದೇ ಪ್ರಶ್ನೆ ಕೇಳಿ: ಈ ಊರಿಂದ ಕೊನೆಯ ಬಸ್ಸು ಎಷ್ಟು ಗಂಟೆಗೆ? ಕಾಲು ಕೈಕೊಟ್ಟರೆ, ಜಾಗ ಸಿಗದಿದ್ದರೆ, ಮನಸ್ಸಿಗೆ ಸರಿ ಅನ್ನಿಸದಿದ್ದರೆ ಆ ಬಸ್ಸು ಹತ್ತಿ ದೊಡ್ಡ ಊರಿಗೆ ಹೋಗಬಹುದು. ಕೊನೆಯ ಬಸ್ಸು ಮಧ್ಯಾಹ್ನಕ್ಕೇ ಮುಗಿಯುವ ಊರಿನಲ್ಲಿ ನಾನು ರಾತ್ರಿ ಉಳಿಯುವುದಿಲ್ಲ.

ಕೊನೆಗೆ ನಾನು ಹಿಡಿದದ್ದು ಹೊಳೆ ಬದಿಯ ದಾರಿ. ಸೊಲ್ಲಾಪುರದಿಂದ ವಡಕಬಾಳದಲ್ಲಿ ಸೀನಾ ನದಿ ದಾಟಿ ಮಂದ್ರೂಪ, ಅಲ್ಲಿಂದ ಭಂಡಾರಕವಠೆ, ವಡಾಪುರ ಕಡೆಯ ಹಳ್ಳಿ ರಸ್ತೆ, ಭೀಮೆಯನ್ನು ಎಡಕ್ಕೆ ಇಟ್ಟುಕೊಂಡು ಬೇಗಂಪುರ. ಬೇಗಂಪುರದ ಸೇತುವೆ ದಾಟಿದರೆ ಮಾಚನೂರು. ಊರಿಂದ ಊರಿಗೆ ಹೋಗುವ ದಾರಿಯನ್ನು ಪ್ರತಿ ಹಳ್ಳಿಯಲ್ಲೂ ಕೇಳಿಕೊಂಡೇ ಹೋಗಿ, ಮೊಬೈಲ್ ತೋರಿಸುವ ಹೊಲದ ದಾರಿ ಕೆಲವು ಕಡೆ ಬೇಲಿಗೆ ಹೋಗಿ ನಿಲ್ಲುತ್ತದೆ. ಸೀದಾ ಹೆದ್ದಾರಿಯಲ್ಲಿ ಹೋಗುವುದಕ್ಕಿಂತ ಹೀಗೆ ಹೆಚ್ಚು ದಿನ ಆಗುತ್ತದೆ. ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಕನ್ನಡ ನಡೆಯುತ್ತದೆ, ಮುಂದೆ ಮುಂದೆ ಮರಾಠಿ. "ರಾಮಕೃಷ್ಣ ಹರಿ" ಅಂದರೆ ಎಲ್ಲ ಕಡೆ ನಡೆಯುತ್ತದೆ, ಅವರೂ ನಿಮ್ಮನ್ನು "ಮಾವುಲಿ" (ತಾಯಿ) ಅಂತಲೇ ಕರೆಯುತ್ತಾರೆ.

ಮಾಚನೂರಿನಲ್ಲಿ ಒಂದು ಮಧ್ಯಾಹ್ನವಾದರೂ ಇರಿ. ಭೀಮೆಯ ದಂಡೆಯಲ್ಲಿ ಸಿದ್ಧೇಶ್ವರನ ಗುಡಿ, ಕೆಳಗೆ ಕಲ್ಲಿನ ಘಾಟು, ಪಕ್ಕದಲ್ಲಿ ಔರಂಗಜೇಬ ಬೀಡು ಬಿಟ್ಟಿದ್ದ ಕೋಟೆ. ಹೋದ ವರ್ಷ ಅಲ್ಲಿ ಕಾಲು ನೀರಿಗೆ ಬಿಟ್ಟು ಎರಡು ತಾಸು ಕೂತಿದ್ದೆ, ಒಬ್ಬ ಅಂಬಿಗ ಮತ್ತು ನಾನು ಬಿಟ್ಟರೆ ಯಾರೂ ಇರಲಿಲ್ಲ. ನಾನು ಹುಡುಕಿಕೊಂಡು ಹೋದದ್ದು ಅಂಥ ಎರಡು ತಾಸನ್ನೇ.

ಅಲ್ಲಿಂದ ಮಂಗಳವೇಢೆ ಸುಮಾರು 14 ಕಿಲೋಮೀಟರ್, ಇಲ್ಲಿ ಹೆದ್ದಾರಿ ತಪ್ಪುವುದಿಲ್ಲ. ಬೆಳಕು ಹರಿದ ಕೂಡಲೇ ಹೊರಟು, ಪಕ್ಕದ ಸರ್ವಿಸ್ ರಸ್ತೆ ಇದ್ದಲ್ಲೆಲ್ಲ ಅದರ ಮೇಲೆ ನಡೆದು ಮುಗಿಸಿ. ಮಂಗಳವೇಢೆಯಲ್ಲಿ ಲಾಡ್ಜುಗಳಿವೆ, ಆಸ್ಪತ್ರೆ ಇದೆ, ಒಂದು ದಿನ ಕಾಲಿಗೆ ವಿಶ್ರಾಂತಿ ಕೊಡಲು ಒಳ್ಳೆಯ ಊರು. ಬರಗಾಲದಲ್ಲಿ ಸರಕಾರದ ಕಣಜ ತೆರೆದು ಜನರಿಗೆ ಧಾನ್ಯ ಹಂಚಿದ ದಾಮಾಜಿ ಪಂತರ ಊರು, ಸಂತ ಚೋಖಾಮೇಳರ ಊರು. ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮೊದಲು ಬಿಜ್ಜಳನ ಬಳಿ ಕೆಲಸಕ್ಕಿದ್ದದ್ದೂ ಇಲ್ಲೇ. ಕನ್ನಡದ ಶರಣರ ಹಾದಿ, ಮರಾಠಿಯ ಸಂತರ ಹಾದಿ ಎರಡೂ ಕೂಡುವ ಜಾಗ ಅಂತ ನನಗೆ ಈ ಊರಿನ ಮೇಲೆ ತುಂಬಾ ಪ್ರೀತಿ.

ಕಬ್ಬಿನ ಟ್ರ್ಯಾಕ್ಟರ್ ಬಗ್ಗೆ ಎಚ್ಚರ ಇರಲಿ. ಮಾಘ ಅಂದರೆ ಕಬ್ಬಿನ ಹಂಗಾಮು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಮೇಲೆ ಹೊರಗೆ ಚಾಚಿದ ಕಬ್ಬು, ಜೋರಾಗಿ ಹಾಡು. ಹಿಂದಿನಿಂದ ಬಂದ ವಾಹನದ ಹಾರ್ನು ಡ್ರೈವರನಿಗೇ ಕೇಳಿಸುವುದಿಲ್ಲ, ಇನ್ನು ನೀವು ಕಾಣುವುದು ದೂರದ ಮಾತು. ಹಿಂದಿನ ದೀಪ ಇಲ್ಲದವೂ ಇರುತ್ತವೆ. ಸಕ್ಕರೆ ಕಾರ್ಖಾನೆಗೆ ಹೋಗುವ ರಸ್ತೆ ಯಾವುದು ಅಂತ ಊರಿನಲ್ಲಿ ಕೇಳಿ, ಅದನ್ನು ಬಿಟ್ಟು ಬೇರೆ ಹಿಡಿಯಿರಿ. ಯಾವ ರಸ್ತೆಯಾದರೂ ಬಲಗಡೆ ನಡೆಯಿರಿ, ಎದುರಿಗೆ ಬರುವ ವಾಹನ ಕಾಣಬೇಕು. ಚೀಲದ ಮೇಲೆ ಹೊಳೆಯುವ ಪಟ್ಟಿ ಅಂಟಿಸಿ. ಕತ್ತಲಾದ ಮೇಲೆ ನಡೆಯಲೇಬೇಡಿ. ಮಳೆ ಬಿದ್ದಿದ್ದರೆ ಹೊಲದ ದಾರಿಯೂ ಬೇಡ, ನಮ್ಮ ಎರೆ ಮಣ್ಣು ಕಾಲಿಗೆ ಹತ್ತಿದರೆ ಒಂದೊಂದು ಚಪ್ಪಲಿ ಎರಡು ಕಿಲೋ ಆಗುತ್ತದೆ.

ದಿನಕ್ಕೆ 15ರಿಂದ 18 ಕಿಲೋಮೀಟರ್ ಸಾಕು. ಚೀಲ ಹೊತ್ತು ತಾಸಿಗೆ ನಾಲ್ಕು ಕಿಲೋಮೀಟರ್ ಆಗುತ್ತದೆ, ನಡುವೆ ಕೂರುವುದೂ ಇರುತ್ತದೆ. ನಾನು ಬೆಳಕು ಹರಿದ ಕೂಡಲೇ ಹೊರಟು ಹನ್ನೊಂದೂವರೆಗೆ ನಿಲ್ಲಿಸುತ್ತೇನೆ. ಮಧ್ಯಾಹ್ನಕ್ಕೇ ಊರು ಮುಟ್ಟಿದರೆ ಹೆಂಗಸರು ಕಟ್ಟೆಯ ಮೇಲೆ ಸಿಗುತ್ತಾರೆ, ಮಾತು ಬೆಳೆಯುತ್ತದೆ, ಮಲಗುವ ಜಾಗ ತಾನಾಗಿ ಗೊತ್ತಾಗುತ್ತದೆ. ವಡಾಪುರದ ಕಡೆ ಒಬ್ಬ ಅಜ್ಜಿ ನನ್ನ ಚೀಲ ನೋಡಿ, "ಎಲ್ಲಿಗ್ಯವ್ವಾ, ಒಬ್ಬಾಕಿನ?" ಅಂದರು. ಪಂಢರಪುರಕ್ಕೆ ಅಂದೆ. "ಹಂಗಾರ ಇವತ್ತು ನಮ್ಮನ್ಯಾಗ ಇರು, ನಾಳೆ ಹೋಗು" ಅಂದು ಚೀಲ ಇಸಕೊಂಡರು. ರಾತ್ರಿ ಹತ್ತಕ್ಕೆ ಹೋಗಿ ಬಾಗಿಲು ಬಡಿದರೆ ಇದು ಆಗುವುದಿಲ್ಲ. ಮನೆ ಸಿಗದಿದ್ದರೆ ಊರಿನ ಮಠ, ವಿಠ್ಠಲನ ಗುಡಿ, ಮಾರುತಿ ಗುಡಿ. ಪೂಜಾರಿ ಅಥವಾ ಪೊಲೀಸ್ ಪಾಟೀಲರಿಗೆ (ಸರಕಾರ ನೇಮಿಸಿದ ಊರ ಮುಖಂಡರಿಗೆ) ಹೇಳಿಯೇ ಮಲಗಿ. ಲಾಡ್ಜನ್ನು ನೆಚ್ಚಿದ್ದರೆ ಮೊದಲೇ ಫೋನ್ ಮಾಡಿ ಕೇಳಿ. ಒಂದು ಪಟ್ಟಣದಲ್ಲಿ "ಒಬ್ಬಳೇ ಹೆಂಗಸಿಗೆ ರೂಮು ಕೊಡುವುದಿಲ್ಲ" ಅಂದುಬಿಟ್ಟರು, ಸಂಜೆ ಏಳು ಗಂಟೆಗೆ. ತುಂಬಾ ನೋವಾಯಿತು. ಅಂದಿನಿಂದ ಆಧಾರ್ ಕಾರ್ಡ್ ಕೈಯಲ್ಲಿ, ಎರಡು ಜಾಗದ ನಂಬರು ಮೊಬೈಲಿನಲ್ಲಿ.

ಚೀಲ ಹಗುರ ಇರಲಿ, ನಿಮ್ಮ ತೂಕದ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಬೇಡ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ ಇದ್ದರೆ ನಾಲ್ಕು ದಿನ ಹೊಟ್ಟೆಯ ಚಿಂತೆ ಇಲ್ಲ. ನೀರು ಎರಡು ಲೀಟರ್. ಓಆರ್‌ಎಸ್ ಪುಡಿ ಒಂದು ದೊಡ್ಡ ಪ್ಯಾಕೆಟಿಗೆ ಒಂದು ಲೀಟರ್ ನೀರು, ಕಡಿಮೆ ನೀರಿಗೆ ಕಲಸಬೇಡಿ. ಹೊಸ ಬೂಟು ಬೇಡ, ಎರಡು ತಿಂಗಳು ಹಾಕಿ ನಡೆದ ಬೂಟು ಬೇಕು. ಬೆಳಗ್ಗೆ ಬೆರಳ ಸಂದಿಗೆ ವ್ಯಾಸಲೀನ್ ಹಚ್ಚಿ, ಉರಿ ಅನ್ನಿಸಿದ ಕೂಡಲೇ ನಿಂತು ಟೇಪು ಸುತ್ತಿ. ಬೊಕ್ಕೆ ಎದ್ದ ಮೇಲೆ ಮಾಡುವುದಕ್ಕಿಂತ ಏಳುವ ಮೊದಲು ಮಾಡುವುದು ಸುಲಭ. ಒಂದು ಕೋಲು ಇರಲಿ, ಮೊಣಕಾಲಿಗೂ ಆಯಿತು, ನಾಯಿಗೂ ಆಯಿತು. ನಾಯಿ ಕಚ್ಚಿದರೆ ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ, ಯಾತ್ರೆ ಆಮೇಲೆ. ತುರ್ತಿಗೆ 112. ದಿನಕ್ಕೆ ಎರಡು ಸಲ, ಹೊರಡುವಾಗ ಮತ್ತು ಮುಟ್ಟಿದಾಗ, ಮನೆಯವರಿಗೆ ಎಲ್ಲಿದ್ದೀನಿ ಅಂತ ಕಳಿಸಿ. ನಾನು ಇದನ್ನು ಒಂದು ದಿನವೂ ತಪ್ಪಿಸಿಲ್ಲ. ದಾರಿಯಲ್ಲಿ ಸಿಕ್ಕ ಅಪರಿಚಿತರಿಗೆ ಮಾತ್ರ ರಾತ್ರಿ ಎಲ್ಲಿ ಉಳಿಯುತ್ತೀನಿ ಅಂತ ಹೇಳುವುದಿಲ್ಲ.

ಮಂಗಳವೇಢೆಯಿಂದ ಕೊನೆಯ 25 ಕಿಲೋಮೀಟರನ್ನು ಎರಡು ದಿನ ಮಾಡಿಕೊಳ್ಳಿ. ಗದ್ದಲ ಯಾವಾಗಲೂ ಕೊನೆಯಲ್ಲೇ ಕೂಡಿಕೊಳ್ಳುವುದು. ಸ್ಪೇನಿನ ಸಾಂತಿಯಾಗೊ ಯಾತ್ರೆಯಲ್ಲೂ ಹೀಗೇ, ಪ್ರಮಾಣಪತ್ರಕ್ಕೆ ಕೊನೆಯ 100 ಕಿಲೋಮೀಟರ್ ನಡೆದರೆ ಸಾಕು ಅಂತ ಇರುವುದರಿಂದ ಅಲ್ಲಿಂದ ಮುಂದೆಯೇ ಜನ ತುಂಬುತ್ತಾರೆ. ನಮ್ಮಲ್ಲಿ ಆಳಂದಿ, ದೇಹು ಕಡೆಯ ದೊಡ್ಡ ಪಲ್ಲಕ್ಕಿಗಳು ಪಂಢರಪುರದ ಹತ್ತಿರದ ವಾಖರಿಯಲ್ಲಿ ಕೂಡುತ್ತವೆ. ಮಂಗಳವೇಢೆ ಕಡೆಯಿಂದ ಬಂದರೆ ನಿಮಗೆ ವಾಖರಿ ಸಿಗುವುದೇ ಇಲ್ಲ, ಗೋಪಾಳಪುರದ ಬದಿಯಿಂದ ಊರು ಹೊಗುತ್ತೀರಿ. ಗೋಪಾಳಪುರದ ಗುಡ್ಡದ ಮೇಲಿನ ಕೃಷ್ಣನ ಗುಡಿಯಲ್ಲಿ ಸ್ವಲ್ಪ ಕೂತು, ಚಂದ್ರಭಾಗೆಯಲ್ಲಿ (ಇಲ್ಲಿ ಭೀಮೆಗೆ ಇದೇ ಹೆಸರು) ಕಾಲು ತೊಳೆದು, ಆಮೇಲೆ ಪೇಟೆಗೆ ನಡೆಯಿರಿ.

ದೇವಸ್ಥಾನದಲ್ಲಿ ಎರಡು ಸಾಲು ಇರುತ್ತವೆ. ಪಾದ ಮುಟ್ಟಿ ನಮಸ್ಕರಿಸುವ ಸಾಲು ಉದ್ದ, ಮುಖದರ್ಶನದ ಸಾಲು ಬೇಗ ಸಾಗುತ್ತದೆ. ಇಷ್ಟು ದಿನ ನಡೆದ ಕಾಲಿನಲ್ಲಿ ಮತ್ತೆ ತಾಸುಗಟ್ಟಲೆ ನಿಲ್ಲಬೇಡಿ. ಮುಟ್ಟಿದ ದಿನ ಮುಖದರ್ಶನ ಮಾಡಿ, ಚೋಖಾಮೇಳರ ಸಮಾಧಿಗೆ, ಸಂತ ನಾಮದೇವರ ಹೆಸರಿನ ಮೆಟ್ಟಿಲಿಗೆ ಕೈ ಮುಗಿದು, ಊಟ ಮಾಡಿ ಮಲಗಿ. ಪಾದದರ್ಶನ ಮರುದಿನ ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿ. ಮಲಗುವ ಮೊದಲು ದಾರಿಯಲ್ಲಿ ಉಳಿಸಿಕೊಂಡ ಮನೆಗಳಿಗೆ ಫೋನ್ ಮಾಡಿ, ಮುಟ್ಟಿದೆ ಅಂತ ಹೇಳಿ. ವಡಾಪುರದ ಅಜ್ಜಿ ಮೊದಲ ರಿಂಗಿಗೇ ಎತ್ತಿದ್ದರು.